ನಾನು ಕೇಳಿದ ಎರಡು ರಾಕ್ ಕಚೇರಿಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಾಗಿ ಬರೆಯುವ ವಿಷಯಗಳೆಲ್ಲವೂ ನನ್ನ ಮನಸ್ಸಿನ ಮುಂದೆ ಬಂದು ನಿಂತವು. ಪ್ರಾರ್ಥನೆಯ ಗಂಟೆ, ಹೊಲಿಗೆಯ ತರಗತಿ, ವಾರ್ಷಿಕೋತ್ಸವದ ನಾಟಕ, ಇವುಗಳನ್ನು ಕುರಿತು ನನಗಿಂತ ಸೊಗಸಾಗಿ ಬರೆಯಬಲ್ಲ ಸಹೋದರಿಯರು ಅನೇಕರಿದ್ದಾರೆ. ಆದಕಾರಣ ನಾನು ಈಚೆಗೆ ಕೇಳಿಬಂದ ಎರಡು ರಾಕ್ ಸಂಗೀತ ಕಚೇರಿಗಳ ವಿಚಾರವನ್ನು ಬರೆಯಬೇಕೆಂದು ನಿಶ್ಚಯಿಸಿದೆನು. ಶೀರ್ಷಿಕೆಯನ್ನು ಕಂಡು ಹುಬ್ಬು ಗಂಟಿಕ್ಕುವ ತಾಯ್ತಂದೆಗಳು ಕೂಡಲೆ ಪುಟವನ್ನು ಮಗುಚದೆ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ. ಏಕೆಂದರೆ ಈ ಸಂಗತಿಯಲ್ಲಿ ನಮ್ಮ ಶಾಲೆಯಲ್ಲಿಯೇ ಓದಿದ ಒಬ್ಬ ಹುಡುಗಿಯ ಹಿತಾಹಿತವು ಸೇರಿಕೊಂಡಿದೆ.

ಆ ಹುಡುಗಿಯು ನನ್ನ ತಂಗಿಯ ಮಗಳು. ಅವಳ ತಾಯಿಯೂ ನಾನೂ ಕುಳಿತಿದ್ದ ತರಗತಿಗಳಲ್ಲಿಯೇ ಕುಳಿತು, ಹತ್ತನೆಯ ತರಗತಿಯನ್ನು ಚೆನ್ನಾಗಿ ಮುಗಿಸಿ ಹೊರಬಂದವಳು. ದೇವಾಲಯದ ಗಾಯಕವೃಂದದಲ್ಲಿ ಆಲ್ಟೊ ಸ್ವರವನ್ನು ಹಾಡುವವಳು. ಕಾಲೇಜಿಗೆ ಸೇರಿ ಹದಿನೇಳು ವರ್ಷ ತುಂಬಿದಾಗ, ಒಂದು ರಾತ್ರಿ ಊಟದ ಹೊತ್ತಿನಲ್ಲಿ, ತನಗೆ ಡ್ರಮ್ಸ್ ಬಾರಿಸುವುದನ್ನು ಕಲಿಯಬೇಕೆಂದು ಆಸೆಯಾಗಿದೆಯೆಂದೂ, ಮೂವರು ಗೆಳತಿಯರೊಡನೆ ಸೇರಿ ಒಂದು ರಾಕ್ ಬ್ಯಾಂಡನ್ನು ಕಟ್ಟುವ ಯೋಚನೆಯಿದೆಯೆಂದೂ ತಿಳಿಸಿದಳಂತೆ. ನನ್ನ ತಂಗಿಯು ಕೈಯಲ್ಲಿದ್ದ ಸೌಟನ್ನು ಹಾಗೆಯೇ ಕೆಳಗಿಟ್ಟಳು. ತಂದೆಯು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ಸುಗಳ ವಿಭಾಗಕ್ಕೆ ಮೇಸ್ತ್ರಿ. ಅವರು ತಟ್ಟೆಯಿಂದ ತಲೆಯೆತ್ತದೆಯೇ, "ಹಗಲೆಲ್ಲ ಪ್ರೆಸ್ಸಿನ ಸದ್ದು ಕೇಳಿಕೊಂಡು ಬರುತ್ತೇನೆ. ಮನೆಯಲ್ಲಿಯೂ ಅದೇ ಸದ್ದೇನಮ್ಮ?" ಎಂದರಂತೆ. ಅದರ ಮೇಲೆ ಮೂರು ದಿವಸ ಆ ಮನೆಯಲ್ಲಿ ತಂದೆ ಮಗಳಿಗೆ ಮಾತಿಲ್ಲ. ನಾಲ್ಕನೆಯ ದಿನ ತಂಗಿಯು ನನ್ನಲ್ಲಿಗೆ ಬಂದು, "ಅಕ್ಕಾ, ನೀನು ಇಷ್ಟು ವರ್ಷ ಮಕ್ಕಳಿಗೆ ಹಾಡು ಕಲಿಸಿದವಳು. ಅವಳ ಸಂಗಡ ನೀನೇ ಒಂದೆರಡು ಕಚೇರಿಗಳಿಗೆ ಹೋಗಿ ನೋಡಿ ಬಾ. ಹೆಣ್ಣುಮಕ್ಕಳು ಹೋಗತಕ್ಕ ಸ್ಥಳವೋ ಅಲ್ಲವೋ, ನೀನು ಹೇಳಿದ ಹಾಗೆ ನಡೆಯುತ್ತೇವೆ" ಎಂದಳು. ಅರುವತ್ತರ ಹತ್ತಿರದ ನಾನು ರಾಕ್ ಕಚೇರಿಗೆ ಹೋದ ಕಾರಣವು ಇದೇ.

ನಾವು ವಾಸವಾಗಿರುವ ಬಾಗಲಗುಂಟೆಯನ್ನು ಬಲ್ಲವರಿಗೆ, ಅಲ್ಲಿ ಯಾರೂ ಸದ್ದಿಗೆ ಹೊಸಬರಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಒಂದು ಕಡೆಗೆ ಹೆಸರಘಟ್ಟದ ರಸ್ತೆ, ಇನ್ನೊಂದು ಕಡೆಗೆ ತುಮಕೂರು ಹೆದ್ದಾರಿ. ಹೆದ್ದಾರಿಯ ಆಚೆಗೆ 1970ರ ದಶಕದ ಕೊನೆಯಿಂದ ಬೆಳೆದುಬಂದ ಪೀಣ್ಯದ ಕಾರ್ಖಾನೆಗಳು. ಲೇತು, ಗ್ರೈಂಡರು, ಪ್ರೆಸ್ಸು ಮುಂತಾದ ಯಂತ್ರಗಳ ಶಬ್ದವು ರಾತ್ರಿಯ ಷಿಫ್ಟಿನಲ್ಲಿ ಗಾಳಿಯ ದಿಕ್ಕನ್ನನುಸರಿಸಿ ಒಮ್ಮೆ ಹತ್ತಿರವಾಗಿಯೂ ಒಮ್ಮೆ ದೂರವಾಗಿಯೂ ಕೇಳಿಸುವುದು. ಗಣೇಶನ ಹಬ್ಬದಲ್ಲಿ ಬೀದಿಯ ಆರ್ಕೆಸ್ಟ್ರಾ, ರಾಜ್ಯೋತ್ಸವದಲ್ಲಿ ಧ್ವನಿವರ್ಧಕ, ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡು, ಊರಹಬ್ಬದಲ್ಲಿ ತಮಟೆ. ಇವುಗಳ ನಡುವೆ ನನ್ನ ಹಾರ್ಮೋನಿಯಂ ಪಾಠವನ್ನು ಎಷ್ಟೋ ವರ್ಷ ನಡೆಯಿಸಿದ್ದೇನೆ. ಆದರೂ ಸಂಗೀತವೆಂದು ಹಣ ಕೊಟ್ಟು ಅಷ್ಟು ದೊಡ್ಡ ಸದ್ದನ್ನು ಕೇಳುವುದಕ್ಕೆ ಹೋಗುವ ಜನರ ಮನಸ್ಸು ನನಗೆ ಒಗಟಾಗಿಯೇ ಇತ್ತು.

ಬೆಂಗಳೂರಿಗೆ ಈ ಸಂಗೀತವು ನಿನ್ನೆ ಮೊನ್ನೆ ಬಂದುದಲ್ಲ. ಅರಮನೆಯ ಮೈದಾನದಲ್ಲಿ 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರೋಜರ್ ವಾಟರ್ಸ್, 2003ರ ಏಪ್ರಿಲಿನ ಮಳೆಯಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿಹೋದರು. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡದವರು ಬಂದಾಗಲೂ, 2011ರ ಅಕ್ಟೋಬರ್ 30ರಂದು ಮೆಟಾಲಿಕದವರು ಬಂದಾಗಲೂ ದೂರದ ಊರುಗಳಿಂದ ಹುಡುಗರು ರೈಲು ಹತ್ತಿ ಬಂದಿದ್ದರು. ನಮ್ಮ ಬೀದಿಯ ಇಬ್ಬರು ಹುಡುಗರು ಮೆಟಾಲಿಕದ ದಿನ ಮೊಣಕಾಲಿನವರೆಗೆ ಕೆಸರನ್ನು ಮೆತ್ತಿಕೊಂಡು, ಸ್ವರ್ಗವನ್ನು ಕಂಡುಬಂದವರಂತೆ ಮನೆಗೆ ಹಿಂದಿರುಗಿದುದು ನನಗೆ ಜ್ಞಾಪಕವಿದೆ. ಹುಡುಗಿಯರು ಹೋದುದನ್ನು ಮಾತ್ರ ಆಗ ನಾನು ಕಾಣಲಿಲ್ಲ.

ಮೊದಲನೆಯ ಕಚೇರಿಯು ನಮಗೆ ಮನೆಯ ಬಾಗಿಲಿಗೆ ಬಂದಂತೆ ಬಂದಿತು. ಮಾದಾವರದ ನೈಸ್ ಮೈದಾನದಲ್ಲಿ 2025ರ ಫೆಬ್ರವರಿ 8 ಮತ್ತು 9ರಂದು ಇಂಗ್ಲೆಂಡಿನ ಎಡ್ ಶೀರನ್ ಎಂಬಾತನ ಗಾಯನವು ಏರ್ಪಟ್ಟಿತ್ತು. ಮೊದಲು ಒಂದೇ ದಿನವೆಂದಿದ್ದುದು, ಟಿಕೆಟುಗಳು ಸಾಲದೆ ಹೋದುದರಿಂದ ಎರಡು ದಿನವಾಯಿತೆಂದು ಹುಡುಗಿಯು ಹೇಳಿದಳು. ನಾಗಸಂದ್ರದವರೆಗೆ ಮಾತ್ರ ಇದ್ದ ಮೆಟ್ರೋ ರೈಲು 2024ರ ನವೆಂಬರ್ 7ರಿಂದ ಮಂಜುನಾಥನಗರ, ಚಿಕ್ಕಬಿದರಕಲ್ಲುಗಳ ಮೇಲೆ ಮಾದಾವರದವರೆಗೆ ಓಡತೊಡಗಿದ್ದುದರಿಂದ, ನಾವು ಮಂಜುನಾಥನಗರದಲ್ಲಿ ಹತ್ತಿ ಎರಡನೆಯ ನಿಲ್ದಾಣದಲ್ಲಿಯೇ ಇಳಿದೆವು. ಮೊದಲನೆಯ ದಿನದ ಟಿಕೆಟು. ಅದರ ಕ್ರಯವನ್ನು ಇಲ್ಲಿ ಬರೆಯಲಾರೆ. ಅಷ್ಟು ಹಣದಲ್ಲಿ ನನ್ನ ಹಾರ್ಮೋನಿಯಮ್ಮಿನ ತಿದಿಯನ್ನು ಎರಡು ಸಲ ಕಟ್ಟಿಸಬಹುದಾಗಿತ್ತು.

ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಮೈದಾನದ ತುಂಬ ಜನ. ನಾನು ಮೊದಲು ನೋಡಿದುದು ವೇದಿಕೆಯನ್ನಲ್ಲ. ನನ್ನ ತಂಗಿಯ ಪ್ರಶ್ನೆಯು ತಲೆಯಲ್ಲಿದ್ದುದರಿಂದ, ಹೆಣ್ಣುಮಕ್ಕಳು ಎಷ್ಟು ಮಂದಿ ಬಂದಿದ್ದಾರೆ, ಯಾರ ಸಂಗಡ ಬಂದಿದ್ದಾರೆ, ಹೇಗಿದ್ದಾರೆ ಎಂಬುದನ್ನೇ ನೋಡಿದೆನು. ಅರ್ಧಕ್ಕರ್ಧ ಹುಡುಗಿಯರೇ ಇದ್ದರು. ತಾಯಂದಿರ ಸಂಗಡ ಬಂದವರು ಕೆಲವರು, ಗೆಳತಿಯರ ಗುಂಪಿನಲ್ಲಿ ಬಂದವರು ಹಲವರು. ನನ್ನ ನರೆಗೂದಲನ್ನೂ ಹತ್ತಿಯ ಸೀರೆಯನ್ನೂ ಕಂಡು ಒಬ್ಬ ಹುಡುಗಿಯು ತಾನು ಹಾಸಿಕೊಂಡಿದ್ದ ಬಟ್ಟೆಯಲ್ಲಿ ಸ್ಥಳ ಮಾಡಿ, "ಆಂಟಿ, ಕೂತ್ಕೊಳ್ಳಿ, ಶುರುವಾಗೋದಿನ್ನೂ ತಡ" ಎಂದಳು. ಶೌಚದ ಸ್ಥಳಕ್ಕೆ ಉದ್ದವಾದ ಸಾಲು. ನೀರು ಬಹು ದುಬಾರಿ. ಇವೆರಡೂ ನನಗೆ ಹಿಡಿಸಲಿಲ್ಲವೆಂಬುದನ್ನು ತಂಗಿಗೆ ವರದಿ ಮಾಡಿದೆನು.

ಗಾಯಕನು ಬಹುಮಟ್ಟಿಗೆ ಒಂಟಿಯಾಗಿಯೇ ನಿಂತು ಹಾಡುವವನು. ಅವನ ಕಾಲಿನ ಹತ್ತಿರ ಒಂದು ಯಂತ್ರವಿರುವುದು. ಗಿಟಾರಿನ ಮರವನ್ನು ಬೆರಳಿನಿಂದ ತಟ್ಟಿ ಕಾಲಿನಿಂದ ಗುಂಡಿಯನ್ನು ಒತ್ತಿದರೆ ಆ ತಾಳವು ಮತ್ತೆ ಮತ್ತೆ ತಾನಾಗಿಯೇ ಮರುನುಡಿಯುವುದು. ಅದರ ಮೇಲೆ ತಂತಿಯ ಒಂದು ವರಸೆಯನ್ನು ನುಡಿಸಿ ಮತ್ತೊಮ್ಮೆ ಒತ್ತಿದರೆ ಅದೂ ಸೇರಿಕೊಳ್ಳುವುದು. ಬಳಿಕ ತನ್ನದೇ ಕಂಠದ ಎರಡು ಮೂರು ಸ್ವರಗಳು. ಹೀಗೆ ನಮ್ಮ ಕಣ್ಣ ಮುಂದೆಯೇ ಒಬ್ಬ ಮನುಷ್ಯನು ಒಂದು ಗಾಯಕವೃಂದವಾದನು. ಸೊಪ್ರಾನೊ, ಆಲ್ಟೊ ಎಂದು ಮಕ್ಕಳನ್ನು ಬೇರೆ ಬೇರೆ ಬೆಂಚುಗಳಲ್ಲಿ ಕೂಡಿಸಿ, ವಾರಗಟ್ಟಲೆ ಅಭ್ಯಾಸ ಮಾಡಿಸಿ, ಕಡೆಗೆ ಎಲ್ಲರನ್ನೂ ಒಟ್ಟಿಗೆ ಹಾಡಿಸುವಾಗ ನಾನು ಪಡುತ್ತಿದ್ದ ಕಷ್ಟವನ್ನು ನೆನೆದು ನನಗೆ ನಗು ಬಂದಿತು. ಆತನ ಧ್ವನಿ ಇಂಪಾಗಿದೆ, ಮಾತಿನಲ್ಲಿ ಬಿಂಕವಿಲ್ಲ. ಆದರೆ ಸಾವಿರಾರು ಜನರು ಹಾಡನ್ನು ಕೇಳುವ ಬದಲು ಕೈಯೆತ್ತಿ ಫೋನಿನಲ್ಲಿ ಅದನ್ನು ಹಿಡಿಯುತ್ತಿದ್ದುದು ನನಗೆ ಬಹು ಬೇಸರವನ್ನುಂಟುಮಾಡಿತು. ನನ್ನ ಮುಂದಿದ್ದ ಎತ್ತರದ ಯುವಕನ ಫೋನಿನ ಚೌಕದಲ್ಲಿಯೇ ನಾನು ಆ ಕಚೇರಿಯ ಬಹುಭಾಗವನ್ನು ಕಂಡೆನು.

ಮಾರನೆಯ ದಿನ ಬೆಳಗ್ಗೆ ಅದೇ ಗಾಯಕನು ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ನಿಂತು ದಾರಿಹೋಕರ ಮುಂದೆ ಹಾಡತೊಡಗಲು, ಒಬ್ಬ ಪೊಲೀಸಿನವನು ಬಂದು ಧ್ವನಿವರ್ಧಕದ ತಂತಿಯನ್ನು ಕಿತ್ತ ಸಂಗತಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅನುಮತಿ ಇತ್ತೆಂದು ಗಾಯಕನ ಕಡೆಯವರೂ, ಇರಲಿಲ್ಲವೆಂದು ಪೊಲೀಸಿನವರೂ ಹೇಳಿದರು. ಆ ಸಂಜೆ ಆತನು ಶಿಲ್ಪಾ ರಾವ್ ಅವರ ಜೊತೆಗೆ ನಿಂತು ಒಂದು ತೆಲುಗು ಹಾಡನ್ನು ಹಾಡಿದನೆಂದು ತಿಳಿಯಿತು. ಕನ್ನಡದ ನೆಲದಲ್ಲಿ ಒಂದು ಕನ್ನಡದ ನುಡಿಯನ್ನೂ ಕಲಿತು ಹಾಡಬಹುದಾಗಿತ್ತೆಂದು ನನಗೆ ಅನ್ನಿಸಿತು.

ಮನೆಗೆ ಬಂದು, ರಾಕ್ ಸಂಗೀತವು ನಾನೆಣಿಸಿದಷ್ಟು ಉಗ್ರವಲ್ಲವೆಂದು ನಾನು ಹೇಳಿದೊಡನೆ ಹುಡುಗಿಯು ತಲೆಯ ಮೇಲೆ ಕೈ ಹೊತ್ತುಕೊಂಡಳು. "ದೊಡ್ಡಮ್ಮಾ, ಅದು ರಾಕೇ ಅಲ್ಲ. ಅದು ಪಾಪ್. ನಿಜವಾದ ರಾಕ್ ಅನ್ನು ನೀವಿನ್ನೂ ಕೇಳಿಯೇ ಇಲ್ಲ" ಎಂದಳು. ಹಾಗಾದರೆ ಇದರ ವ್ಯತ್ಯಾಸವೇನೆಂದು ಕೇಳಿದೆ. ಅವಳು ವಿವರಿಸಿದುದನ್ನು ಪೂರ್ತಿಯಾಗಿ ಗ್ರಹಿಸಿದೆನೆಂದು ಹೇಳಲಾರೆ. ಡ್ರಮ್ಸ್, ಬೇಸ್, ವಿದ್ಯುತ್ ಗಿಟಾರು ಇವು ಮೂರೂ ಒಂದೇ ಮೈಯಾಗಿ ನಡೆಯಬೇಕೆಂದೂ, ಹಾಡುವವನ ಹಿಂದೆ ವಾದ್ಯಗಳು ಕೈಕಟ್ಟಿ ನಿಲ್ಲದೆ ಅವನ ಸಮಕ್ಕೆ ನಿಂತು ವಾದಿಸಬೇಕೆಂದೂ ಹೇಳಿದಳು. ಆದುದರಿಂದ ಎರಡನೆಯ ಕಚೇರಿಗೆ ಹೋಗುವುದು ಅವಶ್ಯವಾಯಿತು.

ಆದರೆ ಅಷ್ಟರಲ್ಲಿ 2025ರ ಜೂನ್ 4ನೆಯ ದಿನವು ಬಂದಿತು. ಕ್ರಿಕೆಟ್ಟಿನ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದ ಜನಸಂದಣಿಯಲ್ಲಿ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಬಹುಮಂದಿ ಎಳೆಯರು. ಬೆಳಗ್ಗೆ ನಗುತ್ತ ಹೊರಟ ಮಕ್ಕಳು ಸಂಜೆಗೆ ಮನೆಗೆ ಬರಲಿಲ್ಲ. ಅದಕ್ಕೂ ಸಂಗೀತಕ್ಕೂ ಸಂಬಂಧವಿಲ್ಲವಾದರೂ, ಆ ರಾತ್ರಿ ನನ್ನ ತಂಗಿಯು ಮಗಳ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಗುಂಪು ಸೇರುವ ಸ್ಥಳವೆಂದರೆ ಸಾಕು, ಬೇಡವೆನ್ನತೊಡಗಿದಳು. ತಾಯಿಯ ಈ ಭಯವನ್ನು ಹಳೆಯ ಕಾಲದ ಸಂಕೋಚವೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಾನು ಹುಡುಗಿಗೆ ಒಂದು ಷರತ್ತನ್ನು ಹಾಕಿದೆ: ಚಿಕ್ಕ ಸ್ಥಳವಾಗಿರಬೇಕು, ಕುಳಿತುಕೊಳ್ಳುವ ಆಸನಗಳಿರಬೇಕು, ಹೊರಬರುವ ಬಾಗಿಲುಗಳು ಎಲ್ಲಿವೆಯೆಂದು ಒಳಗೆ ಹೋಗುವ ಮುಂಚೆಯೇ ನೋಡಿಕೊಳ್ಳಬೇಕು.

ಅಂತಹುದೊಂದು ಆಗಸ್ಟ್ ತಿಂಗಳಲ್ಲಿ ದೊರಕಿತು. ನಗರದ ನಡುವೆ ಒಂದು ಚಿಕ್ಕ ಸಭಾಂಗಣ; ಇನ್ನೂರು ಜನರಿಗೆ ಮೀರದ ಸಭೆ; ಕನ್ನಡದಲ್ಲಿ ಹಾಡುವ ನಾಲ್ವರ ಬ್ಯಾಂಡು. ಅವರು ಇನ್ನೂ ಹೆಸರಾದವರಲ್ಲ. ಇಬ್ಬರು ಕೆಲಸದಲ್ಲಿರುವ ಯುವಕರು, ಒಬ್ಬ ವಿದ್ಯಾರ್ಥಿ. ಡ್ರಮ್ಸಿನ ಹಿಂದೆ ಕುಳಿತವಳು ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ತರುಣಿ. ಎರಡು ಜಡೆಗಳನ್ನು ತಲೆಯ ಮೇಲಕ್ಕೆ ಕಟ್ಟಿಕೊಂಡು, ಚಪ್ಪಲಿಯನ್ನು ಬಿಟ್ಟು ಬರಿಗಾಲಿನಲ್ಲಿ ಕುಳಿತಿದ್ದಳು. ನನ್ನ ತಂಗಿಯ ಮಗಳು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದಳು.

ನಾನು ಔಷಧದ ಅಂಗಡಿಯಿಂದ ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಬಿರಡೆಗಳನ್ನು ನಮ್ಮಿಬ್ಬರಿಗೂ ತಂದಿದ್ದೆನು. ತಾಯ್ತಂದೆಗಳು ಇದನ್ನು ಗಮನಿಸಬೇಕು. ದಿನಕ್ಕೆ ಎಂಟು ಗಂಟೆಗಳ ಕಾಲ ಕೇಳುವ ಶಬ್ದವು 85 ಡೆಸಿಬೆಲ್ಲನ್ನು ಮೀರಿದರೆ ಕಿವಿಗೆ ಅಪಾಯವೆಂದು ಬಲ್ಲವರು ಹೇಳುವರು. ಮತ್ತೆ ಪ್ರತಿ ಮೂರು ಡೆಸಿಬೆಲ್ ಏರಿದಂತೆಲ್ಲ ಸಹಿಸಬಹುದಾದ ಕಾಲವು ಅರ್ಧಕ್ಕಿಳಿಯುವುದು. ವಿಶ್ವ ಆರೋಗ್ಯ ಸಂಸ್ಥೆಯವರು 2022ರಲ್ಲಿ ಸಂಗೀತದ ಸ್ಥಳಗಳಿಗಾಗಿ ಪ್ರಕಟಿಸಿದ ನಿಯಮದಲ್ಲಿ ಸರಾಸರಿ ಶಬ್ದವು 100 ಡೆಸಿಬೆಲ್ಲನ್ನು ಮೀರಬಾರದೆಂದು ಇದೆ. ಕೆಟ್ಟ ಕಿವಿಯು ಮತ್ತೆ ಬಾರದು. ಪ್ರೆಸ್ಸಿನ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದವರು ನಮ್ಮ ಬೀದಿಯಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡುವರೆಂಬುದನ್ನು ಕೇಳಿದವರಿಗೆ ಇದಕ್ಕೆ ಬೇರೆ ಪುರಾವೆ ಬೇಡ.

ಮೊದಲನೆಯ ಪೆಟ್ಟು ಬಿದ್ದಾಗ ನನ್ನ ಎದೆಯೊಳಗೆ ಯಾರೋ ಬಾಗಿಲು ಬಡಿದಂತಾಯಿತು. ಬಿರಡೆಯಿದ್ದರೂ ಆ ಸದ್ದು ಕಿವಿಯಿಂದಲ್ಲದೆ ಪಾದದ ಮೂಲಕ, ಕುರ್ಚಿಯ ಮೂಲಕ ಒಳಕ್ಕೆ ಬರುವುದು. ಎರಡು ಹಾಡುಗಳವರೆಗೆ ನನಗೆ ಗದ್ದಲವೇ ಹೊರತು ಮತ್ತೇನೂ ತಿಳಿಯಲಿಲ್ಲ. ಎದ್ದು ಹೋಗೋಣವೆಂದು ಎರಡು ಸಲ ಕೈಚೀಲವನ್ನು ಹಿಡಿದುಕೊಂಡೆನು. ಮೂರನೆಯ ಹಾಡಿನಲ್ಲಿ ಬೇಸ್ ಗಿಟಾರಿನ ನಡೆಯನ್ನು ನನ್ನ ಕಿವಿಯು ಹೇಗೋ ಹಿಡಿಯಿತು. ನಮ್ಮದು ಹುಡುಗಿಯರ ಶಾಲೆ. ನಾಲ್ಕು ಸ್ವರಗಳ ಕೀರ್ತನೆಯನ್ನು ಹಾಡುವಾಗ ಕೆಳಗಿನ ಸ್ವರಕ್ಕೆ ಗಂಡು ಕಂಠವಿಲ್ಲವೆಂದು ಹಾರ್ಮೋನಿಯಮ್ಮಿನ ಮಂದ್ರದ ಮನೆಗಳಿಂದ ಆ ಕೊರತೆಯನ್ನು ತುಂಬುತ್ತಿದ್ದುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಆ ಕೆಳಗಿನ ಸ್ವರವನ್ನೇ ಕೇಳುತ್ತ ಕೇಳುತ್ತ ನಮಗೆ ಶ್ರುತಿಯ ಭದ್ರತೆ ಬಂದುದು. ಇಲ್ಲಿಯೂ ಬೇಸ್ ಗಿಟಾರಿನವನು ಅದೇ ಕೆಲಸವನ್ನು ಮಾಡುತ್ತಿದ್ದನು. ಅದನ್ನು ಹಿಡಿದ ಮೇಲೆ, ಕತ್ತಲ ಕೋಣೆಯಲ್ಲಿ ಗೋಡೆಯು ಕೈಗೆ ಸಿಕ್ಕಿದಂತೆ, ಮಿಕ್ಕವೆಲ್ಲ ತಮ್ಮ ತಮ್ಮ ಸ್ಥಾನದಲ್ಲಿ ನಿಂತವು. ಆ ಹಾಡಿನ ಮುಕ್ತಾಯದಲ್ಲಿ ವಾದ್ಯಗಳು ಮಧ್ಯಮದ ಸ್ವರಮೇಳದಿಂದ ಷಡ್ಜದ ಸ್ವರಮೇಳಕ್ಕೆ ಇಳಿದು ನಿಂತವು. ಕೀರ್ತನೆಯ ಕೊನೆಗೆ ನಾವು "ಆಮೆನ್" ಎಂದು ಹಾಡುವಾಗ ಇಳಿಯುವ ಮೆಟ್ಟಿಲೂ ಅದೇ ಅಲ್ಲವೆ! ನಾನು ತಿಳಿಯದೆಯೇ ಮೆಲ್ಲಗೆ ಆಮೆನ್ ಎಂದುಬಿಟ್ಟೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ನಾಲ್ಕನೆಯದೋ ಐದನೆಯದೋ ಶಿಶುನಾಳ ಶರೀಫರ ಒಂದು ತತ್ತ್ವಪದ. 1819ರಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯನಾದ ಆ ಮುಸಲ್ಮಾನ ಸಂತನ ಪದಗಳು ಸಿ. ಅಶ್ವತ್ಥರ ಕಂಠದಿಂದ ಮನೆಮನೆಗೆ ಬಂದವು. ಅನಂತರ ರಘು ದೀಕ್ಷಿತರು ಅವುಗಳನ್ನು ಗಿಟಾರಿನ ಮೇಲೆ ತಂದು 2008ರಲ್ಲಿ ತಮ್ಮ ಮೊದಲನೆಯ ಆಲ್ಬಮ್ಮಿನಲ್ಲಿ ಹಾಡಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಕನ್ನಡವನ್ನು ಕೊಂಡೊಯ್ದರು. ಈ ಹುಡುಗರು ಆ ದಾರಿಯಲ್ಲಿಯೇ ನಡೆಯುವವರು. ತತ್ತ್ವಪದದ ನಡುವೆ ಎಲ್ಲ ವಾದ್ಯಗಳೂ ನಿಂತು, ಡ್ರಮ್ಸ್ ಒಂದೇ ಉಳಿಯಿತು. ಆ ತರುಣಿಯು ಮೊದಲು ಬಹು ಮೃದುವಾಗಿ, ಅಕ್ಕಿಯನ್ನು ಮೊರದಲ್ಲಿ ಕೇರುವಂತಹ ಸದ್ದನ್ನು ಹೊರಡಿಸಿದಳು. ಅದು ಕ್ರಮೇಣ ಏರಿ ತಮಟೆಯ ನಡೆಯಾಯಿತು. ತಮಟೆಯು ಇನ್ನೇನು ಗುಡುಗಾಗುವುದೆನ್ನುವಷ್ಟರಲ್ಲಿ ಅವಳು ಎರಡು ಕೋಲುಗಳನ್ನೂ ಮೇಲೆತ್ತಿ ನಿಲ್ಲಿಸಿದಳು. ಒಂದು ಕ್ಷಣ ನಿಶ್ಶಬ್ದ. ಇನ್ನೂರು ಜನರೂ ಉಸಿರು ಹಿಡಿದಿದ್ದರು. ಅಷ್ಟು ಸದ್ದಿನ ನಡುವೆ ಅಷ್ಟು ಮೌನವನ್ನು ನಾನು ಪ್ರಾರ್ಥನಾಲಯದಲ್ಲಿಯೂ ಅಪರೂಪವಾಗಿ ಕೇಳಿದ್ದೇನೆ.

ಕಚೇರಿಯು ಒಂಬತ್ತೂವರೆಗೆ ಮುಗಿಯಿತು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳನ್ನು ಉಪಯೋಗಿಸಕೂಡದೆಂದು 2000ದ ಶಬ್ದಮಾಲಿನ್ಯದ ನಿಯಮಗಳಲ್ಲಿ ಹೇಳಿದೆ. ಮುಚ್ಚಿದ ಸಭಾಂಗಣಕ್ಕೆ ಅದು ತಗಲದಿದ್ದರೂ ಇವರು ಹತ್ತರೊಳಗೇ ನಿಲ್ಲಿಸಿದುದು ನನಗೆ ಮೆಚ್ಚಿಗೆಯಾಯಿತು. ಹೊರಬರುವಾಗ ಹುಡುಗಿಯು ಆ ತರುಣಿಯ ಹತ್ತಿರ ಹೋಗಿ ಏನೋ ಕೇಳಿದಳು. ತರುಣಿಯು ಅವಳ ಮಣಿಕಟ್ಟನ್ನು ಹಿಡಿದು ಕೋಲನ್ನು ಹೇಗೆ ಹಿಡಿಯಬೇಕೆಂಬುದನ್ನು ತೋರಿಸಿ, "ಬಿಗಿ ಹಿಡೀಬೇಡ, ಹಕ್ಕಿ ಹಿಡ್ಕೊಂಡ ಹಾಗೆ ಹಿಡಿ" ಎಂದಳು. ಮನೆಯನ್ನು ಮುಟ್ಟುವವರೆಗೂ ಮೆಟ್ರೋದಲ್ಲಿ ಹುಡುಗಿಯ ಬೆರಳುಗಳು ಅವಳ ಮಂಡಿಯ ಮೇಲೆ ಆಡುತ್ತಲೇ ಇದ್ದವು.

ತಂಗಿಗೆ ನಾನು ಏನು ಹೇಳಲಿ? ಅವಳ ಮನಸ್ಸಿನಲ್ಲಿದ್ದ ನಿಜವಾದ ಅಡ್ಡಿಯು ಬೇರೆಯೇ ಎಂದು ಅಂದಿನ ಮಾತುಕತೆಯಲ್ಲಿ ಹೊರಬಿದ್ದಿತು. ಇದು ದೇವರಿಗೆ ಮೆಚ್ಚುಗೆಯಾಗದ ಸಂಗೀತವೆಂದೂ, ದೇವಾಲಯದಲ್ಲಿ ಹಾಡುವ ಬಾಯಿಯೂ ಕೈಯೂ ಅಲ್ಲಿಗೆ ಹೋಗಬಾರದೆಂದೂ ಅವಳ ಎಣಿಕೆ. ನಾನು ಅವಳಿಗೆ ಸಿಸ್ಟರ್ ರೊಸೆಟ್ಟ ಥಾರ್ಪಳ ಕಥೆಯನ್ನು ಹೇಳಿದೆನು. ಈಕೆಯು 1915ರಲ್ಲಿ ಅಮೆರಿಕದ ಆರ್ಕನ್ಸಾ ಪ್ರಾಂತದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿದ ಕಪ್ಪು ಜನರ ಹೆಣ್ಣುಮಗಳು. ತಾಯಿಯು ಸುವಾರ್ತೆಯನ್ನು ಸಾರುತ್ತ ಮ್ಯಾಂಡೊಲಿನ್ ನುಡಿಸುತ್ತಿದ್ದವಳು. ಮಗಳು ಚಿಕ್ಕಂದಿನಲ್ಲಿಯೇ ಗಿಟಾರನ್ನು ಎತ್ತಿಕೊಂಡು ತಾಯಿಯ ಸಂಗಡ ಸಭೆಗಳಲ್ಲಿ ಹಾಡಿದಳು. 1938ರಿಂದ ಅವಳ ಗ್ರಾಮಫೋನು ತಟ್ಟೆಗಳು ಹೊರಬಂದವು. ದೇವಾಲಯದ ಹಾಡುಗಳನ್ನು ವಿದ್ಯುತ್ ಗಿಟಾರಿನಲ್ಲಿ, ಕುಣಿಯುವ ತಾಳದಲ್ಲಿ, ರಾತ್ರಿಯ ಮನರಂಜನೆಯ ಮಂದಿರಗಳಲ್ಲಿಯೂ ಹಾಡಿದ್ದಕ್ಕಾಗಿ ಸಭೆಯವರಲ್ಲಿ ಅನೇಕರು ಅವಳ ಮೇಲೆ ಮುನಿದರು. ಅವಳು ಎರಡನ್ನೂ ಬಿಡಲಿಲ್ಲ. ಎಲ್ವಿಸ್ ಪ್ರೆಸ್ಲಿ, ಜಾನಿ ಕ್ಯಾಷ್, ಲಿಟ್ಲ್ ರಿಚರ್ಡ್ ಮೊದಲಾದ ರಾಕ್ ಸಂಗೀತದ ಮೂಲಪುರುಷರೆನ್ನಿಸಿಕೊಂಡವರೆಲ್ಲ ಅವಳನ್ನು ಕೇಳಿ ಕಲಿತವರೇ. 1964ರಲ್ಲಿ ಮ್ಯಾಂಚೆಸ್ಟರಿನ ಒಂದು ಹಾಳುಬಿದ್ದ ರೈಲ್ವೆ ನಿಲ್ದಾಣದ ಕಟ್ಟೆಯ ಮೇಲೆ, ಮಳೆಯ ನಡುವೆ, ದಪ್ಪನೆಯ ಬಿಳಿಯ ಮೇಲಂಗಿಯನ್ನು ತೊಟ್ಟು ಅವಳು ನುಡಿಸಿದ ದೃಶ್ಯವನ್ನು ಇಂದಿಗೂ ಚಿತ್ರದಲ್ಲಿ ನೋಡಬಹುದು. 1973ರಲ್ಲಿ ತೀರಿಕೊಂಡ ಅವಳ ಸಮಾಧಿಗೆ ಬಹುಕಾಲ ಒಂದು ಕಲ್ಲೂ ಇರಲಿಲ್ಲ. ರಾಕ್ ಸಂಗೀತದವರ ಕೀರ್ತಿಮಂದಿರದಲ್ಲಿ ಅವಳ ಹೆಸರು ಸೇರಿದುದು 2018ರಲ್ಲಿ. ಈ ಸಂಗೀತದ ತೊಟ್ಟಿಲನ್ನು ತೂಗಿದವರಲ್ಲಿ ಕೀರ್ತನೆ ಹಾಡುವ ಒಬ್ಬ ಹೆಂಗಸೂ ಇದ್ದಳೆಂಬುದನ್ನು ಕೇಳಿ ತಂಗಿಯು ಬಹಳ ಹೊತ್ತು ಸುಮ್ಮನಿದ್ದು, "ಆ ಚಿತ್ರವನ್ನು ನನಗೂ ತೋರಿಸು" ಎಂದಳು. ಎರಡು ಸಲ ನೋಡಿದಳು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಅವಳಿಂದ ಮುಚ್ಚಿಡಲಿಲ್ಲ. ಕಾಶ್ಮೀರದಲ್ಲಿ ಹತ್ತನೆಯ ತರಗತಿಯ ಮೂವರು ಹುಡುಗಿಯರು "ಪ್ರಗಾಶ್" ಎಂಬ ಬ್ಯಾಂಡನ್ನು ಕಟ್ಟಿ, 2012ರ ಡಿಸೆಂಬರಿನಲ್ಲಿ ಶ್ರೀನಗರದ ಒಂದು ಸ್ಪರ್ಧೆಯಲ್ಲಿ ನುಡಿಸಿದರು. ಅಂತರಜಾಲದಲ್ಲಿ ಬೈಗುಳಗಳೂ ಬೆದರಿಕೆಗಳೂ ಸುರಿದವು. ಅಲ್ಲಿಯ ಧರ್ಮಾಧಿಕಾರಿಯವರು ಅದು ಸಲ್ಲದೆಂದು ತೀರ್ಪಿತ್ತರು. 2013ರ ಫೆಬ್ರವರಿಯಲ್ಲಿ ಆ ಮಕ್ಕಳು ಬ್ಯಾಂಡನ್ನು ಬಿಟ್ಟುಬಿಟ್ಟರು. ಒಂದೇ ಒಂದು ಸಲ ವೇದಿಕೆಯನ್ನು ಹತ್ತಿದ್ದಕ್ಕೆ ಇಷ್ಟು. ನಮ್ಮ ಹುಡುಗಿಗೆ ಬೆದರಿಕೆಯೇನೂ ಇಲ್ಲ. ಆದರೆ ಅಂತಹ ಮಾತುಗಳು ಇಲ್ಲಿಯೂ ಬಾರದಿರುವುವೆಂದು ಹೇಳಲಾಗದು. ಅವು ಬಂದಾಗ ಮನೆಯವರು ಅವಳ ಬೆನ್ನಿಗಿರಬೇಕಲ್ಲವೆ?

ತಂದೆಯನ್ನು ಒಪ್ಪಿಸುವುದು ನನ್ನ ಕೈಯಲ್ಲಿರಲಿಲ್ಲ. ಅವರಿಗೆ ಎಡಗೈಯ ತೋರುಬೆರಳಿನ ತುದಿಯಿಲ್ಲ. ಎಷ್ಟೋ ವರ್ಷಗಳ ಹಿಂದೆ, ಎರಡು ಕೈಗಳಿಂದಲೂ ಗುಂಡಿಗಳನ್ನು ಒತ್ತಿದ ಹೊರತು ಪ್ರೆಸ್ಸು ಇಳಿಯದಂತಹ ಏರ್ಪಾಡು ಅವರಿದ್ದ ಕಾರ್ಖಾನೆಗೆ ಬರುವುದಕ್ಕೆ ಮುಂಚೆ, ಡೈಯ ಮೇಲಿನ ತಗಡನ್ನು ಸರಿಪಡಿಸುವಾಗ ಹೋದುದು. ಅದನ್ನು ಕುರಿತು ಅವರು ಮಾತಾಡುವುದಿಲ್ಲ, ನಾವೂ ಕೇಳುವುದಿಲ್ಲ. 2025ರ ಜುಲೈ 22ರಂದು ಓಝಿ ಓಸ್ಬೋರ್ನ್ ಎಂಬ ಗಾಯಕನು ತನ್ನ 76ನೆಯ ವಯಸ್ಸಿನಲ್ಲಿ ತೀರಿಕೊಂಡನೆಂಬ ಸುದ್ದಿಯು ಬಂದಾಗ ಹುಡುಗಿಯು ಬಹಳ ದುಃಖಪಟ್ಟಿದ್ದಳು. ಅವನ ತಂಡವಾದ ಬ್ಲ್ಯಾಕ್ ಸಾಬತ್‌ನವರು ಅದೇ ತಿಂಗಳ 5ರಂದು ತಮ್ಮ ಹುಟ್ಟೂರಾದ ಬರ್ಮಿಂಗ್‌ಹ್ಯಾಮಿನಲ್ಲಿ ಕಡೆಯ ಕಚೇರಿಯನ್ನು ನಡೆಯಿಸಿದ್ದರು. ಈ ಸಂಗೀತಕ್ಕೆ ಹೆವಿ ಮೆಟಲ್ ಎಂಬ ಹೆಸರೇಕೆಂದು ನಾನು ಸುಮ್ಮನೆ ಕೇಳಿದೆ; ಅವಳು ಆ ತಂಡದ ಗಿಟಾರುವಾದಕನಾದ ಟೋನಿ ಅಯೋಮಿಯ ಕಥೆಯನ್ನು ಹೇಳತೊಡಗಿದಳು. ತಂದೆಯು ಆಚೆಯ ಕುರ್ಚಿಯಲ್ಲಿ ಪತ್ರಿಕೆಯನ್ನು ಓದುತ್ತಿದ್ದರು.

ಅಯೋಮಿಯು ಹದಿನೇಳು ವರ್ಷದ ಹುಡುಗನಾಗಿದ್ದಾಗ ಬರ್ಮಿಂಗ್‌ಹ್ಯಾಮಿನ ಒಂದು ತಗಡಿನ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸಕ್ಕಿದ್ದನು. ಒಂದು ಬ್ಯಾಂಡಿನ ಸಂಗಡ ಪರದೇಶಕ್ಕೆ ಹೊರಡುವುದಕ್ಕಾಗಿ ಕೆಲಸವನ್ನು ಬಿಡುವ ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲವೆಂದಾಗ, ಹಿಡಿದ ಕೆಲಸವನ್ನು ಮುಗಿಸಿ ಬಾ ಎಂದು ತಾಯಿಯೇ ಕಳುಹಿಸಿದಳಂತೆ. ಅಂದು ಪ್ರೆಸ್ಸಿನವನು ಬಂದಿರಲಿಲ್ಲವಾಗಿ ಇವನನ್ನು ಅಲ್ಲಿ ನಿಲ್ಲಿಸಿದರು. ಪ್ರೆಸ್ಸು ಇಳಿಯಿತು, ಬಲಗೈಯ ನಡುವಿನ ಎರಡು ಬೆರಳುಗಳ ತುದಿಗಳು ಹೋದವು. ಅವನು ಎಡಚನಾದುದರಿಂದ ತಂತಿಯನ್ನು ಒತ್ತುವ ಕೈ ಅದೇ. ಬೆಂಕಿಯಲ್ಲಿ ಬೆಂದು ಎರಡೇ ಬೆರಳುಗಳಿಂದ ಗಿಟಾರನ್ನು ನುಡಿಸಿ ಹೆಸರಾದ ಜಾಂಗೊ ರೈನ್‌ಹಾರ್ಟನ ಒಂದು ತಟ್ಟೆಯನ್ನು ಕಾರ್ಖಾನೆಯ ಮೇಸ್ತ್ರಿಯು ತಂದು ಅವನಿಗೆ ಕೇಳಿಸಿದನು. ಆಗ ಅಯೋಮಿಯು ಪ್ಲಾಸ್ಟಿಕ್ಕಿನ ಸಾಬೂನಿನ ಶೀಸೆಯನ್ನು ಕರಗಿಸಿ, ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿ, ಮೇಲೆ ತೊಗಲನ್ನು ಅಂಟಿಸಿಕೊಂಡನು. ನೋವಾಗದಿರಲೆಂದು ತೆಳ್ಳನೆಯ ತಂತಿಗಳನ್ನು ಹಾಕಿ, ಮುಂದೆ ಅವುಗಳ ಬಿಗಿಯನ್ನೂ ಇಳಿಸಿದನು. 1970ರ ಫೆಬ್ರವರಿಯಲ್ಲಿ ಹೊರಬಂದ ಅವರ ಮೊದಲನೆಯ ಆಲ್ಬಮ್ಮಿನಿಂದ ತೊಡಗಿ ಲೋಕವು ಕೇಳಿದ ಆ ಭಾರವಾದ ನಾದದಲ್ಲಿ ಗಾಯಗೊಂಡ ಆ ಕೈಯ ಪಾಲು ದೊಡ್ಡದು.

ಪತ್ರಿಕೆಯು ಯಾವಾಗಲೋ ಕೆಳಗಿಳಿದಿತ್ತು. "ಮೇಸ್ತ್ರಿ ತಂದುಕೊಟ್ಟನೇ?" ಎಂದು ತಂದೆಯು ಕೇಳಿದರು. "ಹೌದಪ್ಪಾ, ಅವನೇ" ಎಂದಳು ಮಗಳು. ಅವರು ಮತ್ತೆ ಏನನ್ನೂ ಹೇಳದೆ ಎದ್ದು ಹೊರಗೆ ಹೋದರು. ಆ ಮೇಲೆ ಹದಿನೈದು ದಿವಸ ಆ ಮಾತೇ ಬರಲಿಲ್ಲ. ಎರಡನೆಯ ಕಚೇರಿಗೆ ನಾವು ಹೊರಟಾಗ ಮಾತ್ರ, "ಎಷ್ಟು ಗಂಟೆಗೆ ಬರುತ್ತೀರಿ ಅಕ್ಕಾ? ನಿಲ್ದಾಣದ ಹತ್ತಿರ ಗಾಡಿ ತರುತ್ತೇನೆ" ಎಂದರು; ತಂದರು ಕೂಡ.

ತಂಗಿಗೂ ಅವರಿಗೂ ನಾನು ಕೊಟ್ಟ ವರದಿಯು ಇಷ್ಟೆ. ದೊಡ್ಡ ಬಯಲಿನ ಕಚೇರಿಗೆ ಹಿರಿಯರ ಜೊತೆಯಿಲ್ಲದೆ ಕಳುಹಿಸಬೇಡಿ. ಚಿಕ್ಕ ಸಭಾಂಗಣಗಳಲ್ಲಿ ನಾನು ಕಂಡ ಮಟ್ಟಿಗೆ ಕೆಡುಕಿಲ್ಲ. ಸಜ್ಜನರೇ ಬರುವರು, ಹೊತ್ತಿಗೆ ಸರಿಯಾಗಿ ಬಿಡುವರು. ಕಿವಿಗೆ ಬಿರಡೆಯಿಲ್ಲದೆ ಅಭ್ಯಾಸ ಮಾಡಗೊಡಬೇಡಿ. ಪೂರ್ತಿಯಾದ ಡ್ರಮ್ಸನ್ನು ಈಗಲೇ ಕೊಳ್ಳುವುದು ಬೇಡ. ನಮ್ಮ ಒತ್ತಾದ ಮನೆಗಳಲ್ಲಿ ಅದನ್ನು ಬಾರಿಸಿದರೆ ನೆರೆಯವರು ನ್ಯಾಯವಾಗಿಯೇ ಜಗಳಕ್ಕೆ ಬರುವರು. ಕಲಿಯುವವರು ಮೊದಲು ರಬ್ಬರಿನ ಹಲಗೆಯ ಮೇಲೆ ಕೈಯನ್ನು ಸಾಧಿಸಿಕೊಳ್ಳುವರೆಂದು ಆ ತರುಣಿಯೇ ಹೇಳಿದ್ದಳು. ವಾರಕ್ಕೊಮ್ಮೆ ಪಾಠಕ್ಕೆ ಹೋಗುವ ಖರ್ಚನ್ನು ಸದ್ಯಕ್ಕೆ ನಾನು ವಹಿಸಿಕೊಂಡಿದ್ದೇನೆ. ವೇದಿಕೆಯನ್ನು ಹತ್ತುವ ಮಾತಿಗೆ ತಂದೆಯು ಇನ್ನೂ ಹೂಂ ಎಂದಿಲ್ಲ. ಪರೀಕ್ಷೆಗಳು ಮುಗಿದ ಮೇಲೆ ನೋಡೋಣವೆನ್ನುತ್ತಾರೆ. ಗೆಳತಿಯರಲ್ಲಿ ಒಬ್ಬಳು ಈಗಾಗಲೇ ಬೇರೆ ಊರಿಗೆ ಹೋಗಿರುವಳಾದುದರಿಂದ ಬ್ಯಾಂಡಿಗೆ ಬೇಸ್ ಗಿಟಾರಿನವಳು ಇಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಯಾರಾದರೂ ಇದ್ದರೆ ಶಾಲೆಯ ಮೂಲಕ ನನಗೆ ತಿಳಿಸಬಹುದು.

ರಬ್ಬರಿನ ಹಲಗೆಯನ್ನು ಅಂಗಡಿಯಲ್ಲಿ ಕೇಳೋಣವೆಂದು ನಾನು ಹೊರಟಿದ್ದೆ. ಅಷ್ಟರಲ್ಲಿ ಒಂದು ಶನಿವಾರ ಸಂಜೆ ತಂದೆಯು ಷಿಫ್ಟು ಮುಗಿಸಿ ಬರುವಾಗ ಕಾಗದದಲ್ಲಿ ಸುತ್ತಿದ ಒಂದು ಗಂಟನ್ನು ತಂದರು. ಎಂಟು ಅಂಗುಲದ ಪ್ಲೈವುಡ್ಡಿನ ಚಕ್ರ. ಅದರ ಮೇಲೆ ದಪ್ಪನೆಯ ರಬ್ಬರನ್ನು ಅಂಚಿಗೆ ಸರಿಯಾಗಿ ಕತ್ತರಿಸಿ ಅಂಟಿಸಿತ್ತು. ಮೇಜಿನ ಮೇಲೆ ಜಾರದಂತೆ ಅಡಿಯಲ್ಲಿ ಮೂರು ಗುಂಡಿಗಳು. ಅಂಚನ್ನೆಲ್ಲ ಕೈಗೆ ಚುಚ್ಚದ ಹಾಗೆ ನಯವಾಗಿ ತಿಕ್ಕಿತ್ತು. ಮಗಳ ಮುಂದೆ ಅದನ್ನಿಟ್ಟು, "ಸಂಜೆ ಐದರಿಂದ ಆರರವರೆಗೆ ಮಾತ್ರ" ಎಂದು ಹೇಳಿ ಕೈಕಾಲು ತೊಳೆಯಲು ಹೋದರು.